ಪಂಪ್ ಒತ್ತಿದರೆ ಸಾಲದು

ಪುಣೆಯ ಕನ್ನಡ ಮನೆಗಳಲ್ಲಿ ಅಸ್ತಮಾಕ್ಕೆ ಹೆಸರು ಹಲವು. ಒಬ್ಬರಿಗೆ ಉಬ್ಬಸ, ಇನ್ನೊಬ್ಬರಿಗೆ ದಮ್ಮು. ಪಕ್ಕದ ಮನೆಯ ಮರಾಠಿಯಲ್ಲಿ ದಮಾ. ಇನ್ಹೇಲರ್‌ಗೆ ಮಾತ್ರ ಹೆಚ್ಚಿನವರ ಬಾಯಲ್ಲಿ ಒಂದೇ ಹೆಸರು: ಪಂಪ್. ಅನುವಾದ ಮಾಡಿ ಬದುಕುವ ನನಗೆ ಈ ಪದದ ಬಗ್ಗೆ ಸಣ್ಣ ತಕರಾರಿದೆ. ಪಂಪ್ ಎಂದರೆ ತಾನೇ ತಳ್ಳುವ ಯಂತ್ರ. ಇನ್ಹೇಲರ್ ಮಾಡುವುದು ಅರ್ಧ ಕೆಲಸ. ಉಳಿದರ್ಧ ಮಗುವಿನ ಉಸಿರಿನದು.

ಇದರ ಚರಿತ್ರೆ ಶುರುವಾದದ್ದೂ ಒಂದು ಮಗುವಿನ ಪ್ರಶ್ನೆಯಿಂದ. 1955ರಲ್ಲಿ ಅಮೆರಿಕದ ರೈಕರ್ ಲ್ಯಾಬೊರೇಟರೀಸ್‌ನ ಮುಖ್ಯಸ್ಥ ಜಾರ್ಜ್ ಮೇಸನ್ ಅವರನ್ನು ಅಸ್ತಮಾ ಇದ್ದ 13 ವರ್ಷದ ಮಗಳು ಕೇಳಿದಳಂತೆ: ಕೂದಲಿಗೆ ಹೊಡೆಯುವ ಸ್ಪ್ರೇ ಹಾಗೆ ನನ್ನ ಔಷಧವನ್ನೂ ಡಬ್ಬಿಗೆ ತುಂಬಬಾರದೇ? ಅಲ್ಲಿಯತನಕ ಇದ್ದದ್ದು ರಬ್ಬರ್ ಬುರುಡೆ ಹಿಸುಕುವ ಗಾಜಿನ ಸಾಧನ. ಮರುವರ್ಷವೇ, ಪ್ರತಿ ಸಲ ಒತ್ತಿದಾಗಲೂ ಅಳತೆಯಷ್ಟೇ ಔಷಧ ಕೊಡುವ ಇನ್ಹೇಲರ್ ಮಾರುಕಟ್ಟೆಗೆ ಬಂತು.

ಆದರೆ ಮಗು ಕೇಳಿದ ಸಾಧನ ಮಕ್ಕಳಿಗೇ ಕಷ್ಟವಾಯಿತು. ಡಬ್ಬಿ ಅಲುಗಾಡಿಸಿ, ಉಸಿರು ಹೊರಬಿಟ್ಟು, ತುಟಿ ಬಿಗಿದು, ನಿಧಾನವಾಗಿ ಉಸಿರೆಳೆಯಲು ಶುರುಮಾಡುತ್ತಲೇ ಒತ್ತಬೇಕು. ಆಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಲಯ ತಪ್ಪಿದರೆ ರಭಸವಾಗಿ ಚಿಮ್ಮಿದ ಔಷಧ ಬಹುಪಾಲು ಬಾಯಿ, ಗಂಟಲಲ್ಲೇ ಉಳಿಯುತ್ತದೆ. ಮುಂದೆ ಬಂದ ಪುಡಿ ಔಷಧದ ರೋಟಾಹೇಲರ್‌ನಲ್ಲಿ ಈ ಲಯದ ಗೊಡವೆ ಇಲ್ಲ. ಆದರೆ ಪಾಠ ತಿರುಗುಮುರುಗು, ಅಲ್ಲಿ ಜೋರಾಗಿ ಎಳೆಯಬೇಕು. ಪುಟ್ಟ ಮಕ್ಕಳಿಗೆ ಒದಗಿದ್ದು ಸ್ಪೇಸರ್. ಔಷಧ ಅದರೊಳಗೆ ಕ್ಷಣಕಾಲ ನಿಲ್ಲುತ್ತದೆ, ಮಗು ತನ್ನ ಪಾಡಿಗೆ ಉಸಿರಾಡುತ್ತದೆ. ಕೊಳ್ಳಲು ಕಾಸಿಲ್ಲದವರ ಪಾಡೇನು? 500 ಮಿ.ಲೀ. ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಇನ್ಹೇಲರ್ ಸರಿಯಾಗಿ ಕೂರಿಸಿದರೆ ಅದೂ ಅಂಗಡಿಯ ಸ್ಪೇಸರ್‌ನಷ್ಟೇ ಕೆಲಸ ಮಾಡುತ್ತದೆಂದು ದಕ್ಷಿಣ ಆಫ್ರಿಕಾದ ವೈದ್ಯೆ ಹೆದರ್ ಝಾರ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು.

ಸಾಧನ ಸುಧಾರಿಸಿತು. ಕಲಿಸುವವರು ಯಾರು? ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್‌ನ ಸಂದೀಪ್ ಸಾಳ್ವಿ ಮತ್ತು ಸಂಗಡಿಗರು 2011ರಲ್ಲಿ ದೇಶದ 880 ಊರುಗಳಲ್ಲಿ ಒಂದೇ ದಿನ ವೈದ್ಯರ ಬಳಿ ಬಂದ ಎರಡು ಲಕ್ಷಕ್ಕೂ ಹೆಚ್ಚು ರೋಗಿಗಳ ಲೆಕ್ಕ ತೆಗೆದರು. ಅರ್ಧದಷ್ಟು ಮಂದಿಗೆ ಉಸಿರಾಟದ ತೊಂದರೆಯ ಲಕ್ಷಣಗಳಿದ್ದವು. ಅಂಥ ನೂಕುನುಗ್ಗಲಲ್ಲಿ ಮಗುವೊಂದಕ್ಕೆ ಸಿಗುವುದು ಕೆಲವೇ ನಿಮಿಷ.

ಚೀಟಿಯಲ್ಲಿ ‘ದಿನಕ್ಕೆ ಎರಡು ಸಲ’ ಎಂದು ಬರೆದರೆ ಎಷ್ಟು ಎಂಬುದು ತಿಳಿಯುತ್ತದೆ, ಹೇಗೆ ಎಂಬುದಲ್ಲ. ಅದಕ್ಕೆ ಇನ್ಹೇಲರನ್ನು ಮಗುವಿನ ಕೈಗೇ ಕೊಟ್ಟು ‘ಎಲ್ಲಿ ಪುಟ್ಟಾ, ಮಾಡಿ ತೋರಿಸು’ ಅನ್ನಬೇಕು. ಒಮ್ಮೆ ತೋರಿಸಿದರೆ ಮುಗಿಯಲಿಲ್ಲ, ಕಲಿತದ್ದು ಮರೆಯುತ್ತದೆ. ಮುಂದಿನ ಸಲ ಬಂದಾಗಲೂ ಕೇಳಬೇಕು, ಅದರ ಮುಂದಿನ ಸಲವೂ.