ಜೀವವಿಮಾ ಪಾಲಿಸಿಯ ಚಾಲ್ತಿ ಕುರಿತ ವಿವಾದಗಳು: ಸಿಂಧನೂರು, ಲಿಂಗಸುಗೂರು, ಮಸ್ಕಿ

ಪಾಲಿಸಿದಾರ ತೀರಿಕೊಂಡ ದಿನ ವಿಮಾ ಕರಾರು ಚಾಲ್ತಿಯಲ್ಲಿತ್ತೇ ಎಂಬ ಪ್ರಶ್ನೆಯಿಂದ ಹುಟ್ಟುವ ವ್ಯಾಜ್ಯಗಳಿವು. ಈ ಮೂರೂ ತಾಲ್ಲೂಕುಗಳ ಗ್ರಾಹಕ ದೂರುಗಳು ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ, ರಿಟ್ ಅರ್ಜಿಗಳು ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗುತ್ತವೆ.

ಹಿನ್ನೆಲೆ

ಭಾರತೀಯ ಜೀವವಿಮಾ ನಿಗಮ (ಎಲ್‌ಐಸಿ) 1956ರ ಸೆಪ್ಟೆಂಬರ್ 1ರಂದು ಆರಂಭವಾಯಿತು. ಎರಡು ತಿಂಗಳ ಬಳಿಕ, ನವೆಂಬರ್ 1ರಂದು, ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯ ಸಂಬಳ ಆದಾಯದ ಮುಖ್ಯ ಮೂಲಗಳು. ರೈತನ ಕೈಗೆ ದುಡ್ಡು ಸುಗ್ಗಿಗೆ ಬಂದರೆ ನೌಕರನಿಗೆ ತಿಂಗಳಿಗೊಮ್ಮೆ ಬರುತ್ತದೆ. ಕಂತಿನ ಗಡುವು ಮಾತ್ರ ಇಬ್ಬರಿಗೂ ಕಾಯುವುದಿಲ್ಲ.

ಕರಾರಿನ ಆರಂಭ

1938ರ ವಿಮಾ ಕಾಯ್ದೆಯ 64ವಿಬಿ ಕಲಮಿನಂತೆ ಪ್ರೀಮಿಯಂ ಮುಂಗಡವಾಗಿ ಬಾರದೆ ವಿಮಾ ರಕ್ಷಣೆ ಶುರುವಾಗದು. ಹಾಗೆಂದು ಹಣ ಪಡೆದ ಮಾತ್ರಕ್ಕೆ ಕರಾರು ಪೂರ್ಣವಾಗುವುದೂ ಇಲ್ಲ. ಪ್ರಸ್ತಾವವನ್ನು ಒಪ್ಪಿದ ವಿಷಯ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಹೇಳಿತು.

ಕಂತಿನ ಹಣ ಯಾರ ಕೈಯಲ್ಲಿತ್ತು?

ವಾರ್ಷಿಕ, ಅರ್ಧವಾರ್ಷಿಕ, ತ್ರೈಮಾಸಿಕ ಕಂತುಗಳಿಗೆ ಸಾಮಾನ್ಯವಾಗಿ 30 ದಿನ, ಮಾಸಿಕ ಕಂತಿಗೆ 15 ದಿನ ಗ್ರೇಸ್ ಅವಧಿ ಉಂಟು. ಅದು ಮೀರಿದರೆ ಪಾಲಿಸಿ ಲ್ಯಾಪ್ಸ್ ಆಗುತ್ತದೆ. ಹಣ ಕೊಟ್ಟಿದ್ದೂ ಅದು ಕಚೇರಿ ತಲುಪಿರದಿದ್ದರೆ ತೊಡಕು ಅಲ್ಲಿಂದ ಆರಂಭ.

1997ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣದಲ್ಲಿ 1987ರ ಮಾರ್ಚ್ 6ರ ಕಂತು ಬಾಕಿಯಿತ್ತು. ಏಜೆಂಟ್ ಜೂನ್‌ನಲ್ಲಿ ಬೇರರ್ ಚೆಕ್ ಪಡೆದು ನಗದು ಮಾಡಿಕೊಂಡ. ಪಾಲಿಸಿದಾರ ಆಗಸ್ಟ್ 9ರಂದು ಅಪಘಾತದಲ್ಲಿ ಸತ್ತ. ಏಜೆಂಟ್ ಹಣ ಕಟ್ಟಿದ್ದು ಮರುದಿನ. ಕಂತು ವಸೂಲು ಮಾಡುವ ಅಧಿಕಾರ ಏಜೆಂಟನಿಗಿರಲಿಲ್ಲವಾದ್ದರಿಂದ ಅವನಿಗೆ ಕೊಟ್ಟದ್ದು ನಿಗಮಕ್ಕೆ ಕೊಟ್ಟಂತಲ್ಲ ಎಂದು ಕೋರ್ಟ್ ತೀರ್ಪಿತ್ತಿತು.

ಎರಡೇ ವರ್ಷದಲ್ಲಿ, 1999ರಲ್ಲಿ, ದೆಹಲಿ ವಿದ್ಯುತ್ ಪೂರೈಕೆ ಸಂಸ್ಥೆಯ ನೌಕರನೊಬ್ಬನ ಪ್ರಕರಣದಲ್ಲಿ ಫಲ ತಿರುಗಿತು. ಸಂಬಳ ಉಳಿತಾಯ ಯೋಜನೆಯಡಿ ವೇತನದಲ್ಲಿ ಕಂತು ಹಿಡಿಯುವ ಮಾಲೀಕನನ್ನು ನಿಗಮದ ಪ್ರತಿನಿಧಿ ಎಂದೇ ಪರಿಗಣಿಸಲಾಯಿತು. ಹಿಡಿದ ಹಣ ಕಟ್ಟದಿದ್ದ ತಪ್ಪಿನ ಹೊರೆ ನೌಕರನ ಕುಟುಂಬದ ಮೇಲೆ ಬೀಳಲಿಲ್ಲ. 2005ರಲ್ಲೂ ಇದೇ ನಿಲುವು ಎತ್ತಿಹಿಡಿಯಲ್ಪಟ್ಟಿತು. ಹೀಗಾಗಿ ವೇತನ ಚೀಟಿಯಲ್ಲಿ ಕಡಿತ ತೋರಿಸಬಲ್ಲ ಕುಟುಂಬದ ವಾದ, ಏಜೆಂಟನ ಮಾತು ನಂಬಿದ ರೈತ ಕುಟುಂಬದ ವಾದಕ್ಕಿಂತ ಸಾಮಾನ್ಯವಾಗಿ ಗಟ್ಟಿ. ನಂತರ ಎಲ್‌ಐಸಿ ಕೆಲವು ಏಜೆಂಟರಿಗೆ ಕಂತು ಸ್ವೀಕರಿಸುವ ಅಧಿಕಾರ ಕೊಟ್ಟಿದೆ. ಅಂಥವರು ಕೊಡುವ ಅಧಿಕೃತ ರಸೀದಿಯ ತೂಕ ಬೇರೆ.

ಪುನಶ್ಚೇತನ

ಲ್ಯಾಪ್ಸ್ ಆದ ಪಾಲಿಸಿಯನ್ನು ಬಾಕಿ ಮತ್ತು ಬಡ್ಡಿ ಕಟ್ಟಿ, ಆರೋಗ್ಯ ಘೋಷಣೆ ನೀಡಿ ಎಬ್ಬಿಸಬಹುದು. 2021ರ ಅಕ್ಟೋಬರ್‌ನಲ್ಲಿ ತೀರ್ಮಾನವಾದ ಪ್ರಕರಣದಲ್ಲಿ ಅಪಘಾತ ನಡೆದದ್ದು 2012ರ ಮಾರ್ಚ್ 6ರಂದು, ಬಾಕಿ ಕಟ್ಟಿದ್ದು 9ರಂದು. ಅಪಘಾತವನ್ನು ಮುಚ್ಚಿಟ್ಟು ಪಾಲಿಸಿ ಎಬ್ಬಿಸಿದ್ದರಿಂದ ಹೆಚ್ಚುವರಿ ಅಪಘಾತ ಪರಿಹಾರ ಸಿಗಲಿಲ್ಲ. 2015ರಲ್ಲಿ ತಿದ್ದುಪಡಿಯಾದ ವಿಮಾ ಕಾಯ್ದೆಯ 45ನೇ ಕಲಮಿನಂತೆ 3 ವರ್ಷ ಕಳೆದ ಪಾಲಿಸಿಯನ್ನು ಕಂಪನಿ ಪ್ರಶ್ನಿಸುವಂತಿಲ್ಲ. ಪುನಶ್ಚೇತನವಾಗಿದ್ದರೆ ಆ ಎಣಿಕೆ ಹೊಸದಾಗಿ ಶುರು.

ಪರಿಹಾರದ ದಾರಿ

ವ್ಯಾಜ್ಯಕಾರಣ ಹುಟ್ಟಿದ 2 ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬೇಕು. ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಮುಂದೆ ಶುಲ್ಕವಿಲ್ಲ. ಎರಡೂ ಕಡೆ ನಾಮಿನಿಗೆ ನೆರವಾಗುವ ಮೊದಲ ದಾಖಲೆ ಕೊನೆಯ ಕಂತಿನ ರಸೀದಿ.