ಸ್ವಂತ ಊರಿಗೆ ಬದಲು ಒಂದು ದ್ವೀಪ

ಕೇಂದ್ರ ಸರ್ಕಾರದ ನೌಕರನಿಗೆ ದ್ವೀಪಯಾತ್ರೆಯ ಆಸೆ ಹುಟ್ಟುವುದು ನೀಲಿ ಕಡಲಿನ ಚಿತ್ರಗಳಿಂದಲ್ಲ, ಸುತ್ತೋಲೆಯಿಂದ. 1988ರ ಎಲ್‌ಟಿಸಿ ನಿಯಮಗಳನ್ನು ಸಡಿಲಿಸಿ, ಅಂಡಮಾನ್ ಮತ್ತು ನಿಕೋಬಾರ್, ಈಶಾನ್ಯ ರಾಜ್ಯಗಳು, ಜಮ್ಮು-ಕಾಶ್ಮೀರ, ಲಡಾಖ್‌ಗಳಿಗೆ ವಿಮಾನದಲ್ಲಿ ಹೋಗಿಬರಲು ಅವಕಾಶ ಕೊಡುವ ವಿಶೇಷ ಆದೇಶವೊಂದಿದೆ. ಎರಡೆರಡು ವರ್ಷಕ್ಕೆ ಅದನ್ನು ಮುಂದುವರಿಸುತ್ತಾರೆ. 2024ರಲ್ಲಿ ಹೊರಟ ಆದೇಶ ಅದನ್ನು 2026ರ ಸೆಪ್ಟೆಂಬರ್ 25ರವರೆಗೆ ವಿಸ್ತರಿಸಿತು. ಆದರೆ ಷರತ್ತು ಉಂಟು. ನಾಲ್ಕು ವರ್ಷಗಳ ಅವಧಿಯಲ್ಲಿ ಸ್ವಂತ ಊರಿಗೆ ಸಲ್ಲುವ ಪ್ರಯಾಣವೊಂದನ್ನು ಬಿಟ್ಟುಕೊಟ್ಟರೆ ಮಾತ್ರ ದ್ವೀಪ ದಕ್ಕುತ್ತದೆ. ಕೆಲಸ ಮಾಡುವ ಊರೇ ಸ್ವಂತ ಊರಾಗಿರುವವರಿಗೆ ಈ ಬದಲಾವಣೆಯ ಹಕ್ಕಿಲ್ಲ.

ಈ ಕೊನೆಯ ವಾಕ್ಯವನ್ನು ಬರೆದ ಅಧಿಕಾರಿಗೆ ತಾನೊಂದು ತಾತ್ತ್ವಿಕ ಮಾತು ಬರೆಯುತ್ತಿದ್ದೇನೆಂಬ ಅರಿವು ಇದ್ದಿರಲಾರದು. ಊರು ಬಿಟ್ಟವನಿಗೆ ಮಾತ್ರ ಊರನ್ನು ಒತ್ತೆಯಿಡಲು ಸಾಧ್ಯ. ನನ್ನ ಸೇವಾ ಪುಸ್ತಕದಲ್ಲಿ ಸ್ವಂತ ಊರೆಂದು ದಾಖಲಾಗಿರುವುದು ಶಿರಸಿ ತಾಲ್ಲೂಕಿನ ಒಂದು ಹಳ್ಳಿ, ವಾಸ ಬೈಕುಲ್ಲಾದಲ್ಲಿ. ಮಕ್ಕಳಿಗೆ ಬೇಕಾದದ್ದು ಅಂಡಮಾನ್. ನಕಾಶೆ ಹರಡಿಕೊಂಡು ಕೂತಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ನಾವಿರುವ ಜಾಗದ್ದೇ ಚರಿತ್ರೆ.

ಬೈಕುಲ್ಲಾವೂ ದ್ವೀಪಗಳ ನಡುವಿನ ನೆಲವೇ. ಪಕ್ಕದ ಮಜಗಾಂವ್ ಮುಂಬಯಿಯ ಏಳು ದ್ವೀಪಗಳಲ್ಲೊಂದು. ಮಹಾಲಕ್ಷ್ಮಿ ಮತ್ತು ವರ್ಳಿಗಳ ನಡುವಿನ ಕಂಡಿಯನ್ನು ಹದಿನೆಂಟನೆಯ ಶತಮಾನದ ಕೊನೆಗೆ ಹಾರ್ನ್‌ಬಿ ಒಡ್ಡು ಮುಚ್ಚುವವರೆಗೆ, ಉಬ್ಬರ ಬಂದಾಗ ಕಡಲು ಒಳನಾಡಿನ ತಗ್ಗುಗಳಿಗೆಲ್ಲ ನುಗ್ಗುತ್ತಿತ್ತು. ನೀರು ಹಿಂದೆ ಸರಿದ ಮೇಲೆ ಕೋಟೆಯೊಳಗಿನ ಇಕ್ಕಟ್ಟಿಗೆ ಬೇಸತ್ತ ಇಂಗ್ಲಿಷರು ಇಲ್ಲಿ ತೋಟದ ಮನೆಗಳನ್ನು ಕಟ್ಟಿಕೊಂಡರು. 1833ರಲ್ಲಿ ಬೈಕುಲ್ಲಾ ಕ್ಲಬ್ ಬಂತು, ಕುದುರೆ ಪಂದ್ಯದ ಬಯಲೂ ಇತ್ತು. ಗಾಳಿ ಬದಲಾವಣೆಗೆಂದು ಜನ ಬೈಕುಲ್ಲಾಕ್ಕೆ ಬರುತ್ತಿದ್ದ ಕಾಲವೊಂದಿತ್ತು ಎಂದರೆ ಇಂದು ಸಂಜೆ ಆರರ ಲೋಕಲ್ಲಿನಿಂದ ಇಲ್ಲಿ ಇಳಿಯುವ ಯಾರೂ ನಂಬುವುದಿಲ್ಲ. ಆಮೇಲೆ ಗಿರಣಿಗಳು ಬಂದವು, ಚಾಳುಗಳು ಬಂದವು. ತೋಟದ ಮನೆಯವರು ಮಲಬಾರ್ ಹಿಲ್ಲಿಗೆ ಹೋದರು.

ರಾಣಿಬಾಗಿನ ಪಕ್ಕದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದು ಕಲ್ಲಾನೆ ನಿಂತಿದೆ. ಅದು ಹುಟ್ಟು ದ್ವೀಪವಾಸಿ. ಘಾರಾಪುರಿಯ ದಡದಲ್ಲಿ ಅದನ್ನು ಕಂಡ ಪೋರ್ಚುಗೀಸರು ದ್ವೀಪಕ್ಕೆ ಅದರದೇ ಹೆಸರಿಟ್ಟರು. ನಾವು ಇಂದಿಗೂ ಎಲಿಫೆಂಟಾ ಎನ್ನುತ್ತೇವೆ. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಹೊರಟಾಗ ಎತ್ತುವ ಯಂತ್ರ ಕೈಕೊಟ್ಟು ಆನೆ ಒಡೆದು ಹೋಯಿತು. ಚೂರುಗಳು ಬೈಕುಲ್ಲಾಕ್ಕೆ ಬಂದವು; 1914ರಲ್ಲಿ ಅವನ್ನು ಜೋಡಿಸಿ ನಿಲ್ಲಿಸಿದರು. ಬೆಸೆದ ಗೆರೆಗಳು ಈಗಲೂ ಕಾಣುತ್ತವೆ. ನಮ್ಮ ಬೀದಿಯಲ್ಲಿ ಸ್ವಂತ ಊರಿಗೆ ಮರಳಲಾರದೆ ಉಳಿದ ನಿವಾಸಿಗಳಲ್ಲಿ ಇದಕ್ಕಿಂತ ಹಿರಿಯರಿಲ್ಲ.

ಕನ್ನಡಿಗರಿಗೆ ಈ ಆನೆಯ ದ್ವೀಪದೊಡನೆ ಇನ್ನೊಂದು ನಂಟಿದೆ. ಐಹೊಳೆಯ ಮೇಗುತಿ ಗುಡಿಯ ಶಾಸನದಲ್ಲಿ, ಕ್ರಿ.ಶ. 634ರ ಸುಮಾರಿಗೆ, ಕವಿ ರವಿಕೀರ್ತಿ ಇಮ್ಮಡಿ ಪುಲಕೇಶಿಯ ದಂಡಯಾತ್ರೆಗಳನ್ನು ಹೊಗಳುತ್ತ, ಪಶ್ಚಿಮ ಸಮುದ್ರದ ಸಿರಿಯಂತಿದ್ದ ಪುರಿ ಎಂಬ ಪಟ್ಟಣವನ್ನು ಆತ ನೂರಾರು ಹಡಗುಗಳಿಂದ ಮುತ್ತಿದನೆನ್ನುತ್ತಾನೆ. ಆ ಹಡಗುಗಳನ್ನು ಕವಿ ಹೋಲಿಸುವುದು ಮದ್ದಾನೆಗಳ ಹಿಂಡಿಗೆ! ಈ ಪುರಿಯನ್ನು ಘಾರಾಪುರಿಯೆಂದು ಗುರುತಿಸುವ ವಿದ್ವಾಂಸರಿದ್ದಾರೆ, ದಕ್ಷಿಣಕ್ಕಿರುವ ರಾಜಪುರಿಯೆನ್ನುವವರೂ ಇದ್ದಾರೆ. ಮುಂಬಯಿ ಕನ್ನಡಿಗರ ಸಭೆಗಳಲ್ಲಿ ಅಲ್ಲಿನ ಗುಹೆಗಳನ್ನೇ ಚಾಲುಕ್ಯರು ಕೊರೆಸಿದರೆಂದು ಹೆಮ್ಮೆಯಿಂದ ಹೇಳುವುದನ್ನು ಕೇಳಿದ್ದೇನೆ. ಆ ಹೆಮ್ಮೆಗೆ ಆಧಾರ ಸಾಲದು. ಆರನೆಯ ಶತಮಾನದ ನಡುವಿನ ಆ ಶಿವಾಲಯವನ್ನು ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರು ಕಳಚೂರಿಗಳ ಕಾಲಕ್ಕೆ ಸೇರಿಸುತ್ತಾರೆ. ದ್ವೀಪಕ್ಕೆ ನಾವು ಹೋದದ್ದು ಉಳಿ ಹಿಡಿದೋ ಕತ್ತಿ ಹಿಡಿದೋ ಎಂಬ ಪ್ರಶ್ನೆಗೆ ಶಾಸನದ ಉತ್ತರವಂತೂ ಸ್ಪಷ್ಟವಾಗಿದೆ.

ಅಂಡಮಾನಿನ ಹಾದಿಯೂ ಬೈಕುಲ್ಲಾ ಮುಟ್ಟಿಯೇ ಹೋಗಿದೆ. ನಾಸಿಕ್ ಮೊಕದ್ದಮೆಗಳಲ್ಲಿ ಐವತ್ತು ವರ್ಷಗಳ ಗಡೀಪಾರಿಗೆ ಗುರಿಯಾದ ವಿನಾಯಕ ದಾಮೋದರ ಸಾವರ್ಕರರನ್ನು ಡೋಂಗ್ರಿ, ಬೈಕುಲ್ಲಾ, ಠಾಣೆಗಳ ಸೆರೆಮನೆಗಳಲ್ಲಿರಿಸಿ, ಮದರಾಸಿನಿಂದ 'ಮಹಾರಾಜಾ' ಹಡಗಿನಲ್ಲಿ ಕಳುಹಿಸಿದರು. 1911ರ ಜುಲೈ 4ರಂದು ಅವರು ಪೋರ್ಟ್ ಬ್ಲೇರ್ ತಲುಪಿದರು. ಅವರ ರಾಜಕೀಯದ ಬಗ್ಗೆ ನಮ್ಮ ಬಳಗದಲ್ಲೇ ಒಮ್ಮತವಿಲ್ಲ, ಇರಬೇಕಾದ್ದೂ ಇಲ್ಲ. ನನ್ನ ಗಮನ ಇರುವುದು ಪ್ರಯಾಣದ ಕ್ರಮದ ಮೇಲೆ. ಮುಂಬಯಿಯಿಂದ ಪೂರ್ವ ಕರಾವಳಿ, ಅಲ್ಲಿಂದ ದ್ವೀಪ. ವಿಮಾನಯಾನದ ಅರ್ಹತೆಯಿಲ್ಲದ ನೌಕರನಿಗೆ ಇಂದಿನ ಸುತ್ತೋಲೆಯೂ ಕೋಲ್ಕತ್ತ ಅಥವಾ ಚೆನ್ನೈವರೆಗೆ ರೈಲು, ಮುಂದೆ ವಿಮಾನ ಎಂದೇ ವಿಧಿಸುತ್ತದೆ.

ಕರಿನೀರಿನ ಶಿಕ್ಷೆಯ ಬಗ್ಗೆ ನಮಗೆ ನೆನಪಿರುವುದು ಕೆಲವೇ ಹೆಸರುಗಳು. 1858ರ ಮಾರ್ಚ್ 10ರಂದು ವಾಕರ್ ಎಂಬ ಅಧಿಕಾರಿ ಇನ್ನೂರು ಕೈದಿಗಳೊಡನೆ ಅಲ್ಲಿಗೆ ಬಂದಿಳಿದಾಗ ಸೆಲ್ಯುಲರ್ ಜೈಲು ಇರಲಿಲ್ಲ. ಕಾಡು ಕಡಿದು ತಮ್ಮ ಬಂದೀಖಾನೆಯನ್ನು ಕೈದಿಗಳೇ ಹುಟ್ಟಿಸಬೇಕಿತ್ತು. 1896ರಲ್ಲಿ ಆರಂಭವಾದ ಜೈಲಿನ ಕಟ್ಟಡ ಮುಗಿದದ್ದು 1906ರಲ್ಲಿ. ಏಳು ರೆಕ್ಕೆಗಳು, ಏಳುನೂರಕ್ಕೆ ಸಮೀಪದಷ್ಟು ಒಂಟಿ ಕೋಣೆಗಳು. ಇಂದು ಉಳಿದಿರುವುದು ಮೂರು ರೆಕ್ಕೆಗಳು. ದ್ವೀಪದ ಮೂಲನಿವಾಸಿಗಳಿಗೆ ಈ ಕೈದಿಗಳ ವಸಾಹತು ತಂದದ್ದು ದಡಾರದಂಥ ಹೊಸ ರೋಗಗಳನ್ನು. ಗ್ರೇಟ್ ಅಂಡಮಾನಿ ಜನ ಆಗ ಕರಗತೊಡಗಿದವರು ಮತ್ತೆ ಚೇತರಿಸಿಕೊಳ್ಳಲಿಲ್ಲ. ಯಾವ ಅಪರಾಧಕ್ಕೆ ಆ ಶಿಕ್ಷೆ?

ಮಕ್ಕಳ ಪಟ್ಟಿಯಲ್ಲಿ ಮೊದಲಿಗಿರುವ ಬಿಳಿ ಮರಳಿನ ಕಡಲತೀರ ಇರುವುದು ಹ್ಯಾವ್‌ಲಾಕ್‌ನಲ್ಲಿ, ಆಮೇಲಿನದು ನೀಲ್ ದ್ವೀಪದಲ್ಲಿ. ಇಬ್ಬರೂ 1857ರ ದಂಗೆಯನ್ನು ಅಡಗಿಸಿದ ಸೇನಾನಿಗಳು. ದಂಗೆಯೆದ್ದವರನ್ನು ಒಂದು ದ್ವೀಪಕ್ಕೆ ದೂಡಿ, ಅಡಗಿಸಿದವರ ಹೆಸರನ್ನು ಪಕ್ಕದ ದ್ವೀಪಗಳಿಗಿಟ್ಟ ಆ ನಕಾಶೆಗಾರರ ಸ್ಥೈರ್ಯವನ್ನು ಮೆಚ್ಚಲೇಬೇಕು. 2018ರಲ್ಲಿ ಅವು ಸ್ವರಾಜ್ ದ್ವೀಪ, ಶಹೀದ್ ದ್ವೀಪಗಳಾದವು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಪ್ರವಾಸ ಸಂಸ್ಥೆಗಳ ಕರಪತ್ರಗಳಲ್ಲಿ ಹಳೆಯ ಹೆಸರುಗಳೇ ಓಡಾಡುತ್ತಿವೆ.

ನಮ್ಮ ಯೋಜನೆ ಸದ್ಯ ಹೀಗಿದೆ. ಹೋಗುವುದು ಜನವರಿ ಕೊನೆಯಲ್ಲಿ, ಮಳೆಯ ಕಾಟ ಇಲ್ಲದಾಗ. ಒಂದು ಇಡೀ ದಿನ ಜೈಲಿಗೆ, ಧ್ವನಿ-ಬೆಳಕಿನ ಪ್ರದರ್ಶನಕ್ಕಷ್ಟೇ ಅಲ್ಲ. ಎರಡು ದಿನ ಸ್ವರಾಜ್ ದ್ವೀಪ. ಜಾರವಾ ಕಾಯ್ದಿರಿಸಿದ ಪ್ರದೇಶವನ್ನು ಹಾದುಹೋಗುವ ಹೆದ್ದಾರಿಯ ಪ್ರವಾಸ ಬೇಡ. ಮನುಷ್ಯರನ್ನು ಕಿಟಕಿಯಿಂದ ನೋಡಿ ಬರಲು ರಜೆ ಹಾಕಬೇಕಾಗಿಲ್ಲ. ಹೊರಡುವ ಮೊದಲಿನ ಭಾನುವಾರ ಮಕ್ಕಳನ್ನು ಗೇಟ್‌ವೇಯಿಂದ ದೋಣಿಯಲ್ಲಿ ಘಾರಾಪುರಿಗೆ ಕರೆದೊಯ್ಯುವುದು, ಬಂದ ಮೇಲೆ ನಮ್ಮ ಬೀದಿಯ ಆನೆಯನ್ನು ತೋರಿಸುವುದು.

ಊರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಷರತ್ತಿನ ವಿಷಯವನ್ನೂ ಹೇಳಿದೆ. "ಹಂಗಾದ್ರೆ ಈ ಸಲ ತೇರಿಗೆ ಬರ್ತಿಲ್ಲೆ ಅಂತಾತು," ಎಂದರು. ತೇರಿಗೆ ನನ್ನ ಖರ್ಚಿನಲ್ಲೇ ಬರುತ್ತೇನೆ ಎಂದಿದ್ದೇನೆ. ಅರ್ಜಿಯಲ್ಲಿ ಸ್ವಂತ ಊರಿನ ಪ್ರಯಾಣವನ್ನು ಪರಿವರ್ತಿಸಿಕೊಳ್ಳುವ ಅಂಕಣಕ್ಕೆ ಇನ್ನೂ ಸಹಿ ಬಿದ್ದಿಲ್ಲ.