ಜಾಗ, ತಿಂಗಳು, ಪಟ್ಟಿ: ಐದು ತಾಲ್ಲೂಕುಗಳ ಬೇಟೆ ಕಾನೂನಿನ ಜಾಡು

ಕೂಡ್ಲಿಗಿ ಸೀಮೆಯಲ್ಲಿ ಬೇಟೆ ಯಾವತ್ತಿನಿಂದ ಅಪರಾಧವಾಯಿತು? ಯಾರನ್ನು ಕೇಳಿದರೂ 1972 ಎನ್ನುತ್ತಾರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ವರ್ಷ ಅದು. ಆದರೆ ಆ ಕಾಯ್ದೆಯ ಮೊದಲ ಪುಟವನ್ನೇ ಓದಿದರೂ ಈ ಉತ್ತರ ನಿಲ್ಲುವುದಿಲ್ಲ. ವನ್ಯಜೀವಿ ಆಗ ರಾಜ್ಯಗಳ ಪಟ್ಟಿಯ ವಿಷಯ. ಹನ್ನೊಂದು ರಾಜ್ಯಗಳು ನಿರ್ಣಯ ಮಾಡಿ ಕೇಳಿಕೊಂಡ ಮೇಲೆ ಸಂಸತ್ತು ಕಾನೂನು ಮಾಡಿತು, ಆ ಹನ್ನೊಂದರ ಹೆಸರುಗಳೂ ಮೂಲ ಪೀಠಿಕೆಯಲ್ಲಿದ್ದವು. ಅವುಗಳಲ್ಲಿ ಮೈಸೂರು ಇರಲಿಲ್ಲ. ನಮ್ಮ ರಾಜ್ಯ ಅದನ್ನು ಒಪ್ಪಿಕೊಂಡದ್ದು ಆಮೇಲೆ. ಅಲ್ಲಿಯವರೆಗೆ ಇಲ್ಲಿ ನಡೆಯುತ್ತಿದ್ದದ್ದು 1963ರ ಮೈಸೂರು ಕಾಡುಪ್ರಾಣಿ ಮತ್ತು ಕಾಡುಪಕ್ಷಿ ಸಂರಕ್ಷಣಾ ಕಾಯ್ದೆ. ಹಾಗಾದರೆ 1963ಕ್ಕೂ ಮೊದಲು?

ಅಲ್ಲಿಂದ ಹಿಂದಕ್ಕೆ ಹೋದರೆ ದಾಖಲೆಗಳೇ ಚದುರಿಹೋಗುತ್ತವೆ. 1953ರ ಅಕ್ಟೋಬರ್ 1ರವರೆಗೆ ಈ ಭಾಗ ಮದ್ರಾಸಿನ ಆಡಳಿತದಲ್ಲಿತ್ತು. ಆ ಕಾಲದ ಕಡತಗಳ ಬೇರು ಚೆನ್ನೈಯಲ್ಲಿ, ನಂತರದವುಗಳ ಬೇರು ಬೆಂಗಳೂರಿನಲ್ಲಿ. ಡಬ್ಲ್ಯು. ಫ್ರಾನ್ಸಿಸ್ 1904ರಲ್ಲಿ ಹೊರತಂದ ಬಳ್ಳಾರಿ ಗೆಜೆಟಿಯರ್‌ನಲ್ಲಿ ಇಲ್ಲಿನ ಐದು ತಾಲ್ಲೂಕುಗಳಲ್ಲಿ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸಿಗುತ್ತವೆ. ಹಗರಿಬೊಮ್ಮನಹಳ್ಳಿ, ಕೊಟ್ಟೂರು ಎಂಬ ತಾಲ್ಲೂಕುಗಳು ಸಿಗುವುದಿಲ್ಲ, ಅವು ಆಮೇಲೆ ಆದವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಒಂದೇ ತಾಲ್ಲೂಕಿನ ಕಾಡಿನ ಕಥೆಗೆ ಮೂರು ಜಿಲ್ಲೆಗಳ ಕಪಾಟು ತೆರೆಯಬೇಕು.

ನೂರು ವರ್ಷದ ಹಿಂದಿನ ನಕ್ಷೆ ಬಿಡಿಸಿಟ್ಟು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಕೂಡ್ಲಿಗಿಯ ದಕ್ಷಿಣಕ್ಕೆ ಮೊಳಕಾಲ್ಮೂರು, ಜಗಳೂರು. ಅಲ್ಲಿ 1901ರಿಂದಲೇ ಮೈಸೂರು ಸಂಸ್ಥಾನದ ಬೇಟೆ ಮತ್ತು ಮೀನು ಸಂರಕ್ಷಣಾ ಕಾನೂನಿತ್ತು. ಈಶಾನ್ಯದಲ್ಲಿ ಸಂಡೂರು, ಅದು ಬೇರೆ ಸಂಸ್ಥಾನ. ಹಡಗಲಿಯಿಂದ ಹೊಳೆ ದಾಟಿದರೆ ಮುಂಬಯಿ ಪ್ರಾಂತ, ಇನ್ನಷ್ಟು ಕೆಳಗೆ ನಿಜಾಮರ ಸೀಮೆ. ಒಂದು ಚಿಗರಿ ಹಿಂಡು ಮೇಯುತ್ತ ಮೇಯುತ್ತ ಎರಡು ಮೂರು ಸರ್ಕಾರಗಳ ಕಾನೂನು ದಾಟಿ ಹೋಗಬಹುದಿತ್ತು.

ಮದ್ರಾಸಿನ ಕಾನೂನುಗಳಲ್ಲಿ ನನಗೆ ಸಿಕ್ಕ ಮೊದಲ ಗಟ್ಟಿ ಎಳೆ 1882ರ ಮದ್ರಾಸ್ ಅರಣ್ಯ ಕಾಯ್ದೆ. ಅದರ 21ನೇ ಕಲಮು ಮೀಸಲು ಅರಣ್ಯದೊಳಗೆ ನಿಯಮ ಮೀರಿ ಬೇಟೆಯಾಡುವುದನ್ನು, ಗುಂಡು ಹಾರಿಸುವುದನ್ನು, ಮೀನು ಹಿಡಿಯುವುದನ್ನು, ಉರುಳು ಒಡ್ಡುವುದನ್ನು, ನೀರಿಗೆ ವಿಷ ಬೆರೆಸುವುದನ್ನು ಅಪರಾಧವೆನ್ನುತ್ತದೆ. ಇಲ್ಲಿ ಪ್ರಾಣಿ ಮುಖ್ಯವಲ್ಲ, ಜಾಗ ಮುಖ್ಯ. ಮೊಲ ಅದೇ, ಮೀಸಲು ಗಡಿಯ ಒಳಗೆ ಹೊಡೆದರೆ ಮಾತ್ರ ಈ ಕಲಮಿನಡಿ ಅಪರಾಧ.

ಎರಡನೆಯ ಎಳೆ 1912ರ ಕಾಡುಪಕ್ಷಿ ಮತ್ತು ಪ್ರಾಣಿ ಸಂರಕ್ಷಣಾ ಕಾಯ್ದೆ, ಬ್ರಿಟಿಷ್ ಭಾರತಕ್ಕೆಲ್ಲ ಒಂದೇ. ಇದರ ಅಳತೆಗೋಲು ತಿಂಗಳು. ಪ್ರಾಂತೀಯ ಸರ್ಕಾರ ವರ್ಷದ ಇಂತಿಷ್ಟು ಕಾಲ ಇಂಥ ಪ್ರಾಣಿಯನ್ನು ಕೊಲ್ಲಬಾರದೆಂದು ಸಾರಬಹುದಿತ್ತು. ಮೊದಲ ತಪ್ಪಿಗೆ ದಂಡ 50 ರೂಪಾಯಿಯವರೆಗೆ. ಕೊನೆಯ ಪುಟದ ಅನುಸೂಚಿಯಲ್ಲಿ ಎರೆಭೂತ, ಗೌಜಲ ಹಕ್ಕಿ, ಬುರ್ಲಿ, ಬಾತು, ಬೆಳ್ಳಕ್ಕಿ, ನವಿಲು, ಜಿಂಕೆ, ಚಿಗರಿ, ಮೊಲ ಎಲ್ಲವೂ ಇವೆ. ಕರಡಿ ಇಲ್ಲ. ಚಿರತೆ ಇಲ್ಲ. ಯಾವ ಕರಡಿಯಿಂದ ಕೂಡ್ಲಿಗಿಯ ಕಲ್ಲುಗುಡ್ಡಗಳು ಇಂದು ಹೆಸರಾಗಿವೆಯೋ ಅದು ಆ ಕಾನೂನಿನ ಕಣ್ಣಿಗೇ ಬಿದ್ದಿರಲಿಲ್ಲ. ಕೋವಿಯವರಿಗೆ ಮುಂದಿನ ಹಂಗಾಮಿಗೂ ಬೇಟೆ ಉಳಿಯಲಿ ಎಂಬುದೇ ಆ ಪಟ್ಟಿಯ ಮುಖ್ಯ ಕಾಳಜಿ ಎಂದು ನಾನು ತಿಳಿಯುತ್ತೇನೆ.

ಅದರ ಹಿಂದಿನ ವರ್ಷವೇ, 1911ರಲ್ಲಿ, ಅಪರಾಧಿ ಬುಡಕಟ್ಟುಗಳ ಕಾಯ್ದೆ ಹೊಸ ರೂಪದಲ್ಲಿ ಬಂದು ಮದ್ರಾಸಿಗೂ ಅನ್ವಯವಾಯಿತು. ಅಲೆಮಾರಿ ಸಮುದಾಯಗಳನ್ನೇ ಹುಟ್ಟಿನಿಂದ ಕಳ್ಳರೆಂದು ಬರೆದಿಟ್ಟ ಕಾನೂನು ಅದು, ದೇಶದಾದ್ಯಂತ ರದ್ದಾದದ್ದು 1952ರಲ್ಲಿ. ಉರುಳು, ಬಲೆ, ನಾಯಿಗಳೊಂದಿಗೆ ಬದುಕು ಕಟ್ಟಿಕೊಂಡಿದ್ದವರ ಬಗ್ಗೆ ಸರ್ಕಾರ ಏನೆಂದುಕೊಂಡಿತ್ತು ಎಂಬುದನ್ನು ಈ ಎರಡೂ ಕಾಯ್ದೆಗಳನ್ನು ಜೊತೆಗಿಟ್ಟು ಓದಿದಾಗಲೇ ತಿಳಿಯುವುದು. ಮ್ಯಾಸ ಬೇಡರ ನಾಡಾದ ಈ ಸೀಮೆಯಲ್ಲಿ ಬೇಟೆ ಬರೀ ಮೋಜಾಗಿರಲಿಲ್ಲ. ಊಟ, ಹಬ್ಬ, ದೈವ ಮೂರೂ ಅದರಲ್ಲಿದ್ದವು. ಆ ಜನರನ್ನು ಕೇಳಿ ಬರೆದ ಒಂದು ಸಾಲೂ ಈ ಕಾಯ್ದೆಗಳಲ್ಲಿ ಇಲ್ಲ.

1972ರ ಕಾಯ್ದೆ ಮೂರನೆಯ ಅಳತೆಗೋಲು ಹಿಡಿಯಿತು: ಪಟ್ಟಿ. ಮೊದಲ ಅನುಸೂಚಿಯ ಪ್ರಾಣಿಗಳನ್ನು ಯಾರೂ ಮುಟ್ಟುವಂತಿಲ್ಲ. ಎರಡು, ಮೂರು, ನಾಲ್ಕನೆಯ ಅನುಸೂಚಿಯವಕ್ಕೆ ಪರವಾನಗಿ ಬೇಕಿತ್ತು. ಹೌದು, ಪರವಾನಗಿ ಪಡೆದು ಬೇಟೆಯಾಡುವ ದಾರಿ ಕಾಯ್ದೆಯ ಮೂಲರೂಪದಲ್ಲಿತ್ತು. ಅದನ್ನು ಕಿತ್ತುಹಾಕಿದ ತಿದ್ದುಪಡಿ ಜಾರಿಯಾದದ್ದು 1991ರ ಅಕ್ಟೋಬರ್ 2ರಂದು. ಕರಡಿ ಈಗ ಮೊದಲ ಅನುಸೂಚಿಯಲ್ಲಿದೆ. 2022ರ ತಿದ್ದುಪಡಿಯ ನಂತರ ಅದನ್ನು ಕೊಂದವರಿಗೆ ಮೂರರಿಂದ ಏಳು ವರ್ಷ ಸೆರೆವಾಸ, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ.

ಹೊಲದವರ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಮಾತ್ರ ಒಂದು ಸಣ್ಣ ಕಲಮಿನಲ್ಲಿ ಅಡಗಿದೆ. 1912ರ ಕಾಯ್ದೆ ಪ್ರಾಣರಕ್ಷಣೆಗಷ್ಟೇ ಅಲ್ಲ, ಪ್ರಾಮಾಣಿಕವಾಗಿ ಆಸ್ತಿ ಉಳಿಸಿಕೊಳ್ಳಲು ಪ್ರಾಣಿಯನ್ನು ಕೊಂದರೂ ತಪ್ಪಿಲ್ಲ ಎಂದಿತ್ತು. 1972ರ 11ನೇ ಕಲಮು ಪ್ರಾಣರಕ್ಷಣೆಯನ್ನು ಮಾತ್ರ ಉಳಿಸಿತು. ಬೆಳೆ ಹಾಳುಮಾಡುವ ಹಂದಿಗೆ ಮುಖ್ಯ ವನ್ಯಜೀವಿ ಪರಿಪಾಲಕರ, ಇಲ್ಲವೇ ಅವರು ಅಧಿಕಾರ ಕೊಟ್ಟವರ, ಲಿಖಿತ ಆದೇಶ ಬೇಕು. ಮೊದಲ ಅನುಸೂಚಿಯ ಕರಡಿ ಬೆಳೆ ತಿಂದಿತೆಂಬ ಕಾರಣಕ್ಕೆ ಆ ಆದೇಶವೂ ಸಿಗದು. ಕರಡಿ ಉಳಿಯಲು ಇದು ಬೇಕೇ ಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಶೇಂಗಾ, ಮೆಕ್ಕೆಜೋಳ ಬಿತ್ತಿದ ಒಣಬೇಸಾಯದ ರೈತ ಒಂದು ಹಕ್ಕು ಕಳೆದುಕೊಂಡ. ಅದನ್ನು ಅವನಿಗೆ ಕೂತು ತಿಳಿಸಿ ಹೇಳುವ ಕೆಲಸ ಕಾನೂನಿನ ಹಿಂದೆಯೇ ಬರಬೇಕಿತ್ತು.

ಮೀನಿನ ಜಾಡು ಬೇರೆಯೇ. 1976ರ ಸಂವಿಧಾನ ತಿದ್ದುಪಡಿ ಕಾಡು ಮತ್ತು ಕಾಡುಪ್ರಾಣಿಗಳನ್ನು ಸಮವರ್ತಿ ಪಟ್ಟಿಗೆ ತಂದಿತು, ಮೀನುಗಾರಿಕೆ ರಾಜ್ಯಪಟ್ಟಿಯಲ್ಲೇ ಉಳಿಯಿತು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಹಿಡಿಯುವುದಕ್ಕೆ ಎರಡು ತಿಂಗಳವರೆಗೆ ಸೆರೆ ಅಥವಾ 200 ರೂಪಾಯಿಯವರೆಗೆ ದಂಡ ಎಂದಿತ್ತು. ಆಮೇಲೆ ತುಂಗಭದ್ರೆಗೆ ಅಣೆಕಟ್ಟು ಬಂತು. ಹಡಗಲಿ, ಹಗರಿಬೊಮ್ಮನಹಳ್ಳಿ ಬದಿಯ ಹಿನ್ನೀರಿನ ಮೀನುಗಾರಿಕೆ ತುಂಗಭದ್ರಾ ಮಂಡಳಿಯ ಕೈಗೆ ಹೋಯಿತು. ರಾಜ್ಯದ ಒಳನಾಡು ಮೀನುಗಾರಿಕೆಗೆ 1996ರ ಪ್ರತ್ಯೇಕ ಕಾಯ್ದೆಯಿದೆ. ಹೀಗೆ ಹಿನ್ನೀರಿನ ಒಂದೇ ದಡದಲ್ಲಿ ನೀರೊಳಗಿನ ಮೀನಿಗೆ ಒಬ್ಬರು, ಅದನ್ನು ಹಿಡಿಯುವ ಕೊಕ್ಕರೆಗೆ ಇನ್ನೊಬ್ಬರು ಯಜಮಾನರು.

ಜಾಗ, ತಿಂಗಳು, ಪಟ್ಟಿ. ಈ ಮೂರರಲ್ಲೂ ಊರಿನ ಮಾತಿಗೆ ಎಡೆಯಿರಲಿಲ್ಲ. ಅದು ಮೊದಲು ಅಕ್ಷರಕ್ಕೆ ಇಳಿದದ್ದು 1972ರ ಕಾಯ್ದೆಯ 2002ರ ತಿದ್ದುಪಡಿಯಲ್ಲಿ. ಸ್ಥಳೀಯರೊಂದಿಗೆ ಸಮಾಲೋಚಿಸಿಯೇ ‘ಸಂರಕ್ಷಣಾ ಮೀಸಲು’ ಘೋಷಿಸಬೇಕು, ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಬೇಕು ಎಂದಿತು ಆ ತಿದ್ದುಪಡಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2017ರಲ್ಲಿ ಇದೇ ಕಲಮಿನಡಿ ಪಕ್ಷಿ ಸಂರಕ್ಷಣಾ ಮೀಸಲಾಯಿತು. ಸುಮಾರು 244 ಎಕರೆಯ ಹಳೆಯ ನೀರಾವರಿ ಕೆರೆ ಅದು. ನೀರಲ್ಲೇ ನಿಂತ ಜಾಲಿಮರಗಳಲ್ಲಿ ಬಣ್ಣದ ಕೊಕ್ಕರೆ, ಬಿಳಿ ಕೆಂಬರಲುಗಳು ಗೂಡು ಕಟ್ಟುತ್ತವೆ. ಆ ಕೆರೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಭೂಮಿಗಳ ಸಾಲಿಗೆ, ಸೇರಿದ್ದು 2024ರ ಜನವರಿ 31ರಂದು ಪ್ರಕಟವಾಯಿತು.

ಕೂಡ್ಲಿಗಿಯ ಗುಡೇಕೋಟೆ ಕರಡಿಧಾಮ 2013ರದು, ಘೋಷಿಸಿದಾಗ 38.48 ಚದರ ಕಿಲೋಮೀಟರ್. ಧಾಮಗಳಿಗೂ ಅದೇ 2002ರ ತಿದ್ದುಪಡಿ ಸಲಹಾ ಸಮಿತಿಯನ್ನು ಹೇಳಿದೆ, ಅದರಲ್ಲಿ ಪಂಚಾಯತ್ ರಾಜ್ ಸಂಸ್ಥೆಗಳ ಮೂವರು ಪ್ರತಿನಿಧಿಗಳಿರಬೇಕು. ಕರಡಿಗೆ ಬೆಳೆ ಕಳೆದುಕೊಂಡವರು ಕೇಳಬೇಕಾದ ಜಾಗ ಅದು.

ಇಷ್ಟೆಲ್ಲ ಓದಿದ ಮೇಲೆ ನನ್ನ ಒತ್ತಾಯ ಒಂದೇ. ಈ ಸಮಿತಿಗಳ ಸಭಾ ನಡವಳಿಯನ್ನು ಕನ್ನಡದಲ್ಲಿ ಬರೆಯಲಿ, ಪ್ರತಿ ಸಭೆಯ ನಂತರ ಅಂಕಸಮುದ್ರ, ಗುಡೇಕೋಟೆ ಸುತ್ತಲಿನ ಪಂಚಾಯಿತಿಗಳ ಫಲಕದಲ್ಲಿ ಹಾಕಲಿ. 1882ರಿಂದ ಇಲ್ಲಿಯವರೆಗಿನ ಕಡತಗಳಲ್ಲಿ ಸರ್ಕಾರ ಏನು ಹೇಳಿತು ಎಂಬುದು ಸಿಗುತ್ತದೆ. ಊರು ಏನು ಹೇಳಿತು ಎಂಬುದು ಮುಂದಿನ ನೂರು ವರ್ಷದ ಕಡತದಲ್ಲಾದರೂ ಸಿಗಬೇಕು.